ಭಾವನ ಕೋಟಿನ ತೂತು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಗೋದಾಮಿನ ಗೇಟು ಕಾಯುವವನು. ಬೀದಿಯವರ ಬಾಯಲ್ಲಿ ಮಾತ್ರ ಸಾರ್ಜೆಂಟ್. ಅವನ ಮೀಸೆ ಎಂಥದ್ದೆಂದರೆ, ಅದು ಬೀದಿ ತಿರುವು ದಾಟಿ ಐದು ನಿಮಿಷವಾದ ಮೇಲೆ ಹಿಂದಿನಿಂದ ಭಾವ ಬರುತ್ತಿದ್ದ. ಅವನಿಗೆ ಅಕ್ಕ ಸಿಕ್ಕಿದ್ದು, ಆಮೇಲೆ ಗೇಟು ಸಿಕ್ಕಿದ್ದು, ಎರಡೂ ಒಂದೇ ಫೋಟೋದ ದಯೆ. ನಲವತ್ತೊಂದು ವರ್ಷದಿಂದ ನಡುಮನೆಯ ಗೋಡೆಯಲ್ಲಿ ತೂಗುತ್ತಿದ್ದ ಆ ಫೋಟೋದಲ್ಲಿ ಕಡಲಾಚೆಯ ಯಾವುದೋ ಸ್ಟುಡಿಯೋದ ಪರದೆ, ಅದರ ಮುಂದೆ ಇಪ್ಪತ್ತೆರಡರ ಭಾವ. ತೋಳಿನ ಮೇಲೆ ಮೂರು ಪಟ್ಟಿ. ಎದೆ ಜೇಬಿನ ಕೆಳಗೆ ನಕ್ಷತ್ರದ ಆಕಾರದಲ್ಲಿ ಹೊಲಿದು ಮುಚ್ಚಿದ ಒಂದು ತೂತು.

ಆ ತೂತೇ ಅಕ್ಕನ ಆಸ್ತಿ. "ಗುಂಡು ಇಲ್ಲಿ ಹೊಕ್ಕು, ಪಕ್ಕೆ ಸವರಿಕೊಂಡು ಆ ಕಡೆ ಹೋಯ್ತಂತೆ" ಎಂದು ಬಂದವರಿಗೆಲ್ಲ ತೋರಿಸುವಳು. ಅವಳು ಹೇಳಿದ ಪ್ರತಿ ಸಲಕ್ಕೂ ಒಂದೊಂದು ಗುಂಡು ತಾಗಿದ್ದರೆ ಭಾವನಲ್ಲಿ ಹಿಟ್ಟು ಜರಡಿ ಹಿಡಿಯಬಹುದಿತ್ತು.

ಒಂದು ಬುಧವಾರ ಎದುರುಮನೆಗೆ ನರ್ಸಮ್ಮ ಬಾಡಿಗೆಗೆ ಬಂದಳು. ಅವಳ ಸಾಮಾನು ಇಳಿಸಲು ಹೋದ ಭಾವ ಅಲಮಾರನ್ನು ಬಾಗಿಲಲ್ಲೇ ಬಿಟ್ಟು ನನ್ನ ಗಡಿಯಾರ ರಿಪೇರಿ ಅಂಗಡಿಗೆ ಓಡಿ ಬಂದ. ಅವನ ಬೆವರು ಬಿದ್ದು ಮೇಜಿನ ಮೇಲಿದ್ದ ಮೂರು ಗಡಿಯಾರ ನಿಂತೇಹೋದವು.

"ಲೋ ಭಾವಮೈದ, ಅವಳ ಗೋಡೆ ಮೇಲೆ ನನ್ನ ಕೋಟಿದೆ!"

"ಒಣಗಿಹಾಕಿದಾಳಾ?"

"ಫೋಟೋದಲ್ಲಿ ಕಣೋ, ಶನಿ! ಅವರಪ್ಪ ಹಾಕ್ಕೊಂಡು ನಿಂತಿದಾನೆ. ಅದೇ ಪಟ್ಟಿ, ಅದೇ ತೂತು."

ಒಂದೇ ಗುಂಡು ಇಬ್ಬರ ಎದೆಯಲ್ಲಿ ಒಂದೇ ಜಾಗ ಹುಡುಕಿಕೊಂಡು ಹೋಗುವಷ್ಟು ಜಾಣತನ ಗುಂಡಿಗೆ ಇರುತ್ತದೆಯೇ? ಕೇಳಿದೆ. ಆಗ ಬಾಯಿ ಬಿಟ್ಟ.

"ನಾನು ಪಲ್ಟನ್ನಿನ ದರ್ಜಿ ಕಣೋ. ಬಂದೂಕು ನನ್ನ ಕೈಗೆ ಬರ್ತಿದ್ದದ್ದು ಅದರ ಪಟ್ಟಿ ಕಿತ್ತುಹೋದಾಗ. ಯಾವನೋ ಸಾರ್ಜೆಂಟ್ ರಿಪೇರಿಗೆ ಕೋಟು ಕೊಟ್ಟು ಬೇರೆ ಕಡೆ ವರ್ಗವಾಗಿ ಹೋದ. ತೂತು ಬಿದ್ದಿದ್ದು ನನ್ನ ಇಸ್ತ್ರಿ ಪೆಟ್ಟಿಗೆಯ ಕೆಂಡದಿಂದ. ನಮ್ಮ ಗುಡಾರದ ಹನ್ನೊಂದು ಜನಾನೂ ಅದನ್ನೇ ಸರದಿ ಮೇಲೆ ಹಾಕ್ಕೊಂಡು ಫೋಟೋ ತೆಗೆಸಿ ಮನೆಗೆ ಕಳಿಸಿದ್ವಿ. ಅವರಲ್ಲೊಬ್ಬ ಇವಳಪ್ಪ, ನೀರಿನ ಗಾಡಿ ತಳ್ತಿದ್ದ. ಒಳ್ಳೇ ಮನುಷ್ಯ. ಇವಳು ಹುಟ್ಟೋಕೆ ಮುಂಚೆ ಅಲ್ಲೇ ಜ್ವರದಲ್ಲಿ ಹೋದ. 'ನಮ್ಮಪ್ಪ ಸಾರ್ಜೆಂಟ್ ಆಗಿದ್ರು ಅಂಕಲ್' ಅಂತಾಳೆ ಇವಳು. ನಾನೇನು ಹೇಳಲಿ?"

"ಏನೂ ಹೇಳಬೇಡ."

"ನಿನ್ನಕ್ಕ ಇವಳನ್ನ ಭಾನುವಾರ ಕಾಫಿಗೆ ಕರೆದಿದಾಳೆ. ಅಪ್ಪನ ಫೋಟೋ ತಗೊಂಡು ಬಾ ಅಂದಿದಾಳೆ."

ಮುಂದಿನ ನಾಲ್ಕು ದಿನ ಭಾವ ಅನ್ನ ತಿಂದದ್ದನ್ನು ನಾನು ನೋಡಲಿಲ್ಲ. ಉಗುರು ತಿಂದದ್ದು ನೋಡಿದೆ, ಮೊಣಕೈವರೆಗೆ. ಗುರುವಾರ ಗಾಜು ಸಡಿಲವಾಗಿದೆ ಎಂದು ಫೋಟೋ ಇಳಿಸಿದ. ಅಕ್ಕ ಎರಡು ಮೊಳೆ ಹೊಡೆದು ಮತ್ತೆ ಏರಿಸಿದಳು. ಶುಕ್ರವಾರ ಅವಳನ್ನು ಊರಿಗೆ ಹೊರಡಿಸಲು ನೋಡಿದ. "ಯಾವ ಊರಿಗೆ? ಯಾರು ಸತ್ತರು?" ಅಂದಳು. ಶನಿವಾರ ಗೇಟಿನಲ್ಲಿ ಖಾಲಿ ಲಾರಿಗೂ ಸೆಲ್ಯೂಟ್ ಹೊಡೆಯುತ್ತಿದ್ದ.

ಭಾನುವಾರ ಮಧ್ಯಾಹ್ನ ನರ್ಸಮ್ಮ ಟವೆಲಿನಲ್ಲಿ ಸುತ್ತಿದ ಫೋಟೋವನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದಳು. ಅಕ್ಕ ಅದನ್ನು ಹಿಡಿದು ಗೋಡೆಯ ಫೋಟೋದ ಪಕ್ಕಕ್ಕಿಟ್ಟಳು. ಒಮ್ಮೆ ಇದನ್ನು ನೋಡಿದಳು, ಒಮ್ಮೆ ಅದನ್ನು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದಳು.

"ಏನ್ರೀ ಇದು? ಕೋಟು ಒಂದೇ ಥರ ಇರಬಹುದು. ತೂತೂ ಒಂದೇ ಥರಾನಾ?"

ನರ್ಸಮ್ಮ ಹತ್ತಿರ ಬಂದು ಎರಡೂ ಫೋಟೋ ನೋಡಿದಳು. "ಅಂಕಲ್, ಇದು ಯಾರ ಕೋಟು?"

ಭಾವ ತನ್ನದು ಅಂದರೆ ಅವಳಪ್ಪ ಕೋಟು ಕಡ ತಂದವನಾಗುತ್ತಾನೆ. ಯಾರದ್ದೂ ಅಲ್ಲ ಅಂದರೆ ಇಬ್ಬರೂ ಒಟ್ಟಿಗೇ ಬೀಳುತ್ತಾರೆ. ಭಾವ ಅಕ್ಕನ ಕಡೆ ನೋಡದೆ, ನರ್ಸಮ್ಮನನ್ನೇ ನೋಡಿಕೊಂಡು ಹೇಳಿದ.

"ನಿಮ್ಮಪ್ಪಂದು ಕಣಮ್ಮ. ನಾನು ಅಲ್ಲಿ ದರ್ಜಿ. ರಿಪೇರಿಗೆ ಕೊಟ್ಟಿದ್ರು. ಆಸೆ ತಡೀಲಾರದೆ ಹಾಕ್ಕೊಂಡು ಹೋಗಿ ಫೋಟೋ ತೆಗೆಸಿಬಿಟ್ಟೆ."

"ಈ ತೂತು?"

"ಗುಂಡು. ಪಕ್ಕೆ ಸವರಿಕೊಂಡು ಹೋಯ್ತು. ಮಾರನೇ ದಿನಾನೇ ಡ್ಯೂಟಿಗೆ ಬಂದ್ರು, ಪುಣ್ಯಾತ್ಮ."

"ಅಯ್ಯೋ, ನಮಗೆ ಯಾರೂ ಹೇಳಲೇ ಇಲ್ಲವಲ್ಲ!" ಎಂದು ನರ್ಸಮ್ಮ ಅತ್ತಳು, ನಕ್ಕಳು, ಗಾಜನ್ನು ಸೆರಗಿನಿಂದ ಒರೆಸಿದಳು. ಭಾವನ ಎರಡೂ ಕೈ ಹಿಡಿದುಕೊಂಡಳು. ಕಾಫಿ ಹಾಗೇ ಆರಿತು. ಅಪ್ಪನನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದಳು.

ಬಾಗಿಲು ಮುಚ್ಚಿತು. ಅಕ್ಕ ಕುರ್ಚಿಯ ಅಂಚಿನಲ್ಲಿ ಕೂತಳು.

"ನಿಜ ಹೇಳಿ. ಅದು ಅವರಪ್ಪಂದೇನಾ?"

ಈಗ ಹೇಳಿದ್ದರೆ ಭಾವನ ಮಾನ ಅರ್ಧವಾದರೂ ಉಳಿಯುತ್ತಿತ್ತು. ಹನ್ನೊಂದು ಜನರಲ್ಲಿ ಒಬ್ಬ ಅನ್ನಿಸಿಕೊಳ್ಳಬಹುದಿತ್ತು. ಆದರೆ ನಮ್ಮಕ್ಕನ ಕಿವಿಗೆ ಹಾಕಿದ ಮಾತು ಹಾಲು ಉಕ್ಕುವುದರೊಳಗೆ ಕಡಲು ದಾಟಿ ವಾಪಸು ಬರುತ್ತದೆ. ನರ್ಸಮ್ಮನ ಮನೆಗೂ ಇಲ್ಲಿಗೂ ನಡುವೆ ಇದ್ದದ್ದು ಬರೀ ಒಂದು ಬೀದಿ.

"ಅವರದ್ದೇ" ಅಂದ ಭಾವ.

"ನಲವತ್ತೊಂದು ವರ್ಷ ಊರಿಗೆಲ್ಲ ಡಂಗುರ ಹೊಡೆದೆನಲ್ಲರೀ. ನಾಳೆ ಯಾವ ಮುಖ ಇಟ್ಕೊಂಡು ಹೊರಗೆ ಹೋಗಲಿ?"

ಅಕ್ಕ ಎದ್ದು ಅಡುಗೆಮನೆಗೆ ಹೋದಳು. ಒಳಗೆ ಪಾತ್ರೆಗಳು ಮಾತಾಡತೊಡಗಿದವು.

"ಏನಂತಾಳೋ?" ಭಾವ ಪಿಸುಗುಟ್ಟಿದ.

"ಕೇಳಿಸ್ತಿಲ್ವಾ? ಅದೇ ಅಂತಿದಾಳೆ."

ಅವನು ಎದ್ದ. ಮೀಸೆಗೆ ಕೈಹಾಕಲು ಹೋದವನು ಹಾಕದೆ, ನೆಟ್ಟಗೆ ಅಡುಗೆಮನೆಯೊಳಗೆ ನಡೆದ. ಧೈರ್ಯಕ್ಕೂ ನನಗೂ ಹಿಂದಿನಿಂದಲೂ ಆಗಿಬರುವುದಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಹೊರಬಿದ್ದೆ.