ದೋಣಿಗೆ ಎಣ್ಣೆಸ್ನಾನ

ಇಲ್ಲಿ ಚಳಿಗಾಲ ಶುರುವಾಗುವ ಜೂನ್ ತಿಂಗಳು ಬಂತೆಂದರೆ ಕ್ರಾನ್‌ಬರ್ನ್‌ನ ನಮ್ಮ ಗರಾಜಿನಲ್ಲಿ ಕಾರಿಗೆ ಜಾಗವಿಲ್ಲ. ಕಾರು ಹೊರಗೆ ಮಂಜಿನಲ್ಲಿ ನೆನೆಯುತ್ತದೆ, ಒಳಗೆ ದೋಣಿ ಬೋರಲು ಮಲಗಿರುತ್ತದೆ. ಹನ್ನೊಂದು ಅಡಿಯ ಪ್ಲೈವುಡ್ ಹಾಯಿದೋಣಿ, ನನ್ನ ಗಂಡ ಕೈಯಾರೆ ಮಾಡಿದ್ದು. ಅದನ್ನು ಚಳಿಗಾಲಕ್ಕೆ ಎತ್ತಿಡುವ ಕೆಲಸ ನನ್ನದು. ಈಗ ಕೈ ಪಳಗಿದೆ. ಮೊದಲ ವರ್ಷ ಮಾಡಿದ ಅವಾಂತರ ನೆನೆಸಿಕೊಂಡರೆ ಮಾತ್ರ ಈಗಲೂ ನಗು ಬರುತ್ತದೆ.

ಆಗ ನಾವು ಸಿಡ್ನಿಯ ಗಿರಾವೀನ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಇವರು ಮೈಸೂರಿನವರು, ಕಂಪ್ಯೂಟರ್ ಕೆಲಸದವರು, ನೀರೆಂದರೆ ಬಕೆಟ್ಟಿನದಷ್ಟೇ ಕಂಡವರು. ಇಂಥವರಿಗೆ ದೋಣಿ ಕಟ್ಟುವ ಹುಚ್ಚು ಎಲ್ಲಿಂದ ಹಿಡಿಯಿತೋ. ಒಂದೂವರೆ ವರ್ಷ ರಜೆಯ ದಿನವೆಲ್ಲ ಗರಾಜಿನಲ್ಲೇ ಕಳೆದರು. ನಾನೂ ಹಲಗೆ ಹಿಡಿದೆ, ಸಂದುಗಳಿಗೆ ತಾಮ್ರದ ತಂತಿ ಪೋಣಿಸಿದೆ, ಅಂಟು ಕಲಸಿದೆ. ದೋಣಿ ನೀರಿಗಿಳಿದ ಮೇಲೆ ಮಾತ್ರ ಇಡೀ ಬೇಸಿಗೆ ದಡದಲ್ಲೇ ನಿಂತೆ. ತಲೆ ಸುತ್ತುತ್ತದೆ ಎಂದು ಇವರಿಗೆ ಹೇಳಿದ್ದೆ. ಅದು ಸುಳ್ಳು.

ನಾನು ಕುಂದಾಪುರದ ಕಡೆಯವಳು, ಮೀನುಗಾರರ ಮನೆಯ ಮಗಳು. ನಮ್ಮಲ್ಲಿ ಹೆಣ್ಣುಮಕ್ಕಳು ಮೀನಿನ ದೋಣಿಗೆ ಕಾಲಿಡುವಂತಿರಲಿಲ್ಲ. ಹತ್ತು ವರ್ಷದವಳಿದ್ದಾಗೊಮ್ಮೆ, ಮಳೆಗಾಲಕ್ಕೆಂದು ದಡಕ್ಕೆಳೆದು ತೆಂಗಿನ ಮಡಲು ಹೊದಿಸಿಟ್ಟಿದ್ದ ನಮ್ಮ ದೋಣಿಯೊಳಗೆ ನುಸುಳಿ ಕೂತಿದ್ದೆ. ಅಪ್ಪಯ್ಯ ರಟ್ಟೆ ಹಿಡಿದು ಕೆಳಗಿಳಿಸಿದರು. ಹೊಡೆಯಲಿಲ್ಲ. ನಾನು ಕೂತಿದ್ದ ಜಾಗವನ್ನು ಅರಿಶಿನದ ನೀರಿನಲ್ಲಿ ತೊಳೆದರು, ಎಲ್ಲರ ಎದುರಿಗೆ. ಆ ಅವಮಾನ ನನ್ನನ್ನು ಬಿಟ್ಟು ಹೋಗಲೇ ಇಲ್ಲ. ಪರದೇಶದಲ್ಲಿ ದುಡಿಯುತ್ತಿದ್ದೆ, ಹೆದ್ದಾರಿಯಲ್ಲಿ ಕಾರು ಓಡಿಸುತ್ತಿದ್ದೆ. ನಾನೇ ಅಂಟು ಕಲಸಿದ ದೋಣಿಗೆ ಮಾತ್ರ ಕಾಲೆತ್ತಿ ಇಡಲಾಗುತ್ತಿರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಹತ್ತಲಾಗದಿದ್ದರೇನು, ಎತ್ತಿಡುವುದು ನನಗೆ ಗೊತ್ತು ಎಂದು ಮೇ ಕೊನೆಯಲ್ಲಿ ಟೊಂಕ ಕಟ್ಟಿ ನಿಂತೆ. ನಮ್ಮೂರಲ್ಲಿ ಮಳೆಗಾಲಕ್ಕೆ ಮುಂಚೆ ದೋಣಿಗೆ ಗೇರೆಣ್ಣೆ ಬಳಿಯುತ್ತಾರೆ. ಗೇರುಬೀಜದ ಸಿಪ್ಪೆಯಿಂದ ತೆಗೆದ ಆ ಕಪ್ಪು ಎಣ್ಣೆ ಸಿಡ್ನಿಯಲ್ಲಿ ಎಲ್ಲಿ ಸಿಗಬೇಕು? ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಯಲ್ಲಿ ಹರಳೆಣ್ಣೆ ಇತ್ತು. ಇದ್ದ ಬಾಟಲಿಗಳನ್ನೆಲ್ಲ ಎತ್ತಿಕೊಂಡೆ. ಮನೆಯಲ್ಲಿ ಬಾಣಂತಿ ಇದ್ದಾಳಾ ಎಂದು ಅಂಗಡಿಯ ಆಂಟಿ ಹಿಂದಿಯಲ್ಲಿ ಕೇಳಿದರು. ಹೌದು ಎಂದೆ.

ಇವರು ಕೆಲಸದಿಂದ ಬರುವಷ್ಟರಲ್ಲಿ ದೋಣಿ ಮಿರಮಿರ ಮಿಂಚುತ್ತಿತ್ತು. ವಾರ್ನಿಷ್ ಎದ್ದುಹೋಗಿದ್ದ ಕಡೆಯೆಲ್ಲ ಇನ್ನೂ ಒಂದು ಕೈ ಹೆಚ್ಚೇ ಕುಡಿಸಿದ್ದೆ.

"ಏನೇ ಇದು? ಸ್ಯಾಂಡ್ ಮಾಡಿ ವಾರ್ನಿಷ್ ಹೊಡೀಬೇಕಿತ್ತಲ್ಲ. ಎಣ್ಣೆ ಮೇಲೆ ಅದು ಹಿಡಿಯುತ್ತಾ?"

"ನಮ್ಮೂರಲ್ಲಿ ತಾತನ ಕಾಲದಿಂದ ಹೀಗೇ ಮಾಡೋದು. ನಿಮ್ಮ ಮೈಸೂರಲ್ಲಿ ಸಮುದ್ರ ಎಲ್ಲಿದೆ ಹೇಳಿ."

ಇವರು ಬೂಟು ಬಿಚ್ಚಿ ಒಳಗೆ ಹೋದರು. ಗೆದ್ದ ಹುರುಪಿನಲ್ಲಿ ನೀಲಿ ಟಾರ್ಪಾಲನ್ನು ಉಸಿರಾಡದ ಹಾಗೆ ಸುತ್ತಿ ಹಗ್ಗ ಬಿಗಿದೆ. ಹಾಯಿಯನ್ನು ಮಡಚಿ, ನುಸಿಗುಳಿಗೆ ಹಾಕಿ, ರೇಷ್ಮೆ ಸೀರೆಗಳ ಸೂಟ್‌ಕೇಸಿನಲ್ಲಿಟ್ಟೆ.

ಜುಲೈಯಲ್ಲಿ ಅಪ್ಪಯ್ಯ ಬಂದರು. ತಮ್ಮನಿಗೆ ಮಗುವಾಗಿದ್ದರಿಂದ ಅಮ್ಮ ಊರಲ್ಲೇ ಉಳಿದಿದ್ದಳು. ಮೊಣಕಾಲು ನೋವಿನಿಂದ ಅಪ್ಪಯ್ಯ ಕಡಲಿಗೆ ಹೋಗುವುದು ಬಿಟ್ಟು ಎರಡು ವರ್ಷವಾಗಿತ್ತು. ಬಂದ ಮರುದಿನವೇ ಚಹಾ ಲೋಟ ಹಿಡಿದು ಗರಾಜಿಗೆ ಹೋಗಿ ಹಗ್ಗ ಬಿಚ್ಚಿದರು. ಮುಗ್ಗಲು ವಾಸನೆ ಗಪ್ಪೆಂದು ಹೊಡೆಯಿತು. ತಳದ ತುಂಬ ಬೂಷ್ಟು. ಅಪ್ಪಯ್ಯ ಬೆರಳಿಂದ ಒರೆಸಿ ಮೂಸಿದರು.

"ಇದ್ ಹರಳೆಣ್ಣೆ ಅಲ್ದಾ?"

"ಹೌದು ಅಪ್ಪಯ್ಯ."

"ಎಂತಕೆ, ದೋಣಿಗೆ ಹೊಟ್ಟೆನೋವಾ?"

ಇವರು ಬಾಗಿಲು ಹಿಡಿದುಕೊಂಡು ನಕ್ಕರು. ನನಗೆ ಅಳು ಬಂತು. ಒಂದೂವರೆ ವರ್ಷದ ಕೆಲಸವನ್ನು ಒಂದು ದಿನದ ಜಂಬದಲ್ಲಿ ಹಾಳು ಮಾಡಿದ್ದೆ. ಹೆಣ್ಣು ಮುಟ್ಟಿದರೆ ದೋಣಿ ಕೆಡುತ್ತದೆ ಎಂಬ ನಮ್ಮೂರಿನ ಮಾತು ನಿಜವೇ ಇರಬಹುದೇ ಎಂದೂ ಆ ಕ್ಷಣ ಅನ್ನಿಸಿತು.

ಅಪ್ಪಯ್ಯ ಆ ಮಾತೆತ್ತಲಿಲ್ಲ. "ಎಣ್ಣೆ ಹಚ್ಚಿ ಆಯ್ತಲ್ಲ, ಇನ್ನ್ ಮೀಸುದ್," ಎಂದರು. ಎಣ್ಣೆ ಹಚ್ಚಿದ ಮೇಲೆ ಸ್ನಾನ ಮಾಡಿಸದೆ ಬಿಡುತ್ತಾರೆಯೇ? ನಾನು ಮತ್ತೆ ಪೆಂಡಲ್ ಹಿಲ್‌ಗೆ ಹೋಗಿ ಸೀಗೆಪುಡಿ ತಂದೆ. ಎರಡು ವಾರ ನಾನೂ ಅಪ್ಪಯ್ಯನೂ ದೋಣಿಗೆ ಬಿಸಿನೀರು ಹೊಯ್ದು, ತೆಂಗಿನ ನಾರಿನಲ್ಲಿ ತಿಕ್ಕಿ ತಿಕ್ಕಿ ತೊಳೆದೆವು. ಅರ್ಧ ಎಣ್ಣೆ ಸೀಗೆಗೆ ಬಿಟ್ಟಿತು, ಉಳಿದರ್ಧ ಇವರ ಥಿನ್ನರಿಗೆ. ಆಮೇಲೆ ಅಪ್ಪಯ್ಯ ದೋಣಿಯನ್ನು ಹಳೆಯ ಟೈರುಗಳ ಮೇಲೆ ಬೋರಲು ಹಾಕಿಸಿ, ಟಾರ್ಪಾಲನ್ನು ಮೇಲುಗಡೆ ಮಾತ್ರ ಕಟ್ಟಿಸಿದರು. "ಅದ್ಕೂ ಉಸ್ರ್ ಬೇಕಲ್ದಾ?" ಎಂದರು. ಅಂಗೈ ಚರ್ಮ ಸುಲಿದಿತ್ತು, ಆದರೂ ಅಷ್ಟು ಖುಷಿಯಾಗಿ ನಾನು ಯಾವ ಚಳಿಗಾಲವನ್ನೂ ಕಳೆದಿರಲಿಲ್ಲ. ಆಗಸ್ಟಿನ ಹೊತ್ತಿಗೆ ಮರ ಒಣಗಿತು, ಇವರು ಉಜ್ಜಿ ಹೊಡೆದ ವಾರ್ನಿಷ್ ಹಿಡಿಯಿತು.

ನೂಲ ಹುಣ್ಣಿಮೆ ಹತ್ತಿರ ಬಂತು. ನಮ್ಮ ಕಡೆ ಅಂದು ಕಡಲಿಗೆ ಹಾಲೆರೆದು, ಕಾಯಿ ಬಿಟ್ಟು, ಮಳೆಗಾಲದಲ್ಲಿ ಎತ್ತಿಟ್ಟ ದೋಣಿಗಳನ್ನು ಮತ್ತೆ ಇಳಿಸುತ್ತಾರೆ. ಅಪ್ಪಯ್ಯ ವಾಪಸು ಹೊರಡುವುದು ಅದರ ಮುಂದಿನ ವಾರ. ದೋಣಿ ಇಳಿಸಲೇಬೇಕೆಂದು ಹಟ ಹಿಡಿದರು.

"ಮಾವ, ಇಲ್ಲಿ ಇನ್ನೂ ವಿಂಟರ್. ಅಕ್ಟೋಬರ್ ತನಕ ಯಾರೂ ಇಳಿಸಲ್ಲ," ಎಂದರು ಇವರು.

"ಚಳಿ ನಮ್ಗೆ. ದೋಣಿಗೆಂತ?"

ಹುಣ್ಣಿಮೆಯ ಬೆಳಿಗ್ಗೆ ಹೊಳೆಯ ದಡಕ್ಕೆ ಹೋದೆವು. ಬಿಸಿಲಿತ್ತು, ಗಾಳಿ ಕೊರೆಯುತ್ತಿತ್ತು. ಅಪ್ಪಯ್ಯ ಸ್ಟೀಲ್ ಲೋಟದಿಂದ ಹಾಲೆರೆದರು. ನೀರಿಗೆ ಕಾಯಿ ಬಿಟ್ಟರೆ ಫೈನ್ ಹಾಕುತ್ತಾರೆಂದು ಇವರು ಹೆದರಿದ್ದರಿಂದ ಅದು ಚಟ್ನಿಗೆಂದು ಕಾರಿನಲ್ಲೇ ಉಳಿಯಿತು. ನಾಯಿ ತಿರುಗಾಡಿಸಲು ಬಂದಿದ್ದ ನಾಲ್ಕಾರು ಜನ ನಿಂತು ನೋಡುತ್ತಿದ್ದರು. ಇವರು ಮೊಣಕಾಲುದ್ದದ ನೀರಿನಲ್ಲಿ ದೋಣಿ ಹಿಡಿದು ನಿಂತರು, ಅಪ್ಪಯ್ಯ ಅವರ ಹೆಗಲಿಗೆ ಕೈ ಕೊಟ್ಟು ಹತ್ತಿದರು. ನಾನು ಯಾವಾಗಿನಂತೆ ದಡದಲ್ಲಿದ್ದೆ.

"ಎಂತ ಅಲ್ಲೇ ನಿಂತದ್ದ್? ಹತ್ತ್."

"ಹೆಣ್ಣ್ ಮಕ್ಕಳ್ ಹತ್ತುಕಾಗ ಅಂದದ್ದ್ ನೀವೇ ಅಲ್ದಾ?" ಎಂದೆ. ತಮಾಷೆಯಾಗಿ ಹೇಳಬೇಕೆಂದಿದ್ದೆ, ದೂರಿನ ಹಾಗೆ ಕೇಳಿಸಿತು.

ಅಪ್ಪಯ್ಯ ಕೂತಲ್ಲಿಂದ ಪಕ್ಕಕ್ಕೆ ಸರಿದು ಹಲಗೆಯ ಮೇಲೆ ಜಾಗ ಬಿಟ್ಟರು. ಮರೆತಿರಲಿಲ್ಲ ಎಂದು ನನಗೆ ತಿಳಿಯಿತು.

"ಅದ್ ನನ್ನ ದೋಣಿ. ಇದ್ ನಿಂದ್. ಎಣ್ಣೆ ಹಚ್ಚಿ ಮೀಸಿದ್ದ್ ನೀನಲ್ದಾ?"

ನಾನು ಚಪ್ಪಲಿ ಬಿಟ್ಟು ನೀರಿಗಿಳಿದೆ. ನೀರು ಎರಚಿ ಕೂರುವ ಹಲಗೆ ಒದ್ದೆಯಾಗಿತ್ತು. ಅಪ್ಪಯ್ಯ ಹೆಗಲ ಮೇಲಿನ ಬೈರಾಸು ತೆಗೆದು, ಬಾಗಿ, ನಾನು ಕೂರಬೇಕಾದ ಜಾಗವನ್ನು ಒರೆಸಿದರು, ಎಲ್ಲರ ಎದುರಿಗೆ. ನಾನು ಹತ್ತಿ ಅಲ್ಲಿ ಕೂತೆ.