ಚಕ್ರದಕ್ಕ ತೆಗೆಯದ ಗೇಟು

ನೀರಾವರಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ, ತುಂಬಿದ ಕಾಲುವೆ ಕಂಡು "ಈ ಸಲ ನೀರಿಗೇನೂ ತೊಂದರೆ ಇಲ್ಲ ಬಿಡಿ" ಎಂದು ಹಳ್ಳಿಯವರ ಮುಂದೆ ಹಲ್ಲು ಕಿರಿದಿದ್ದೆ. ಅದು ಹೊಲಕ್ಕೆ ನೀರು ತರುವ ಕಾಲುವೆಯಲ್ಲ, ಹೊಲದಲ್ಲಿ ನಿಂತ ನೀರನ್ನು ಹೊರಹಾಕುವ ಬಸಿಗಾಲುವೆ. ಅದು ತುಂಬಿತೆಂದರೆ ಬೆಳೆ ಮುಳುಗಿತೆಂದೇ ಲೆಕ್ಕ ಎಂಬುದನ್ನು ಸಂಬಳ ಕೊಡುವ ಕಚೇರಿ ನನಗೆ ಹೇಳಿರಲಿಲ್ಲ.

"ಯಾರಪ್ಪಾ ಈ ಪುಣ್ಯಾತ್ಮ, ಸಾವಿನ ಮನೇಲಿ ಊಟ ಚೆನ್ನಾಗಿದೆ ಅನ್ನೋನು?" ಎಂದವಳು ಚಕ್ರದಕ್ಕ.

ಕಾಲುವೆಯ ಕಬ್ಬಿಣದ ಗೇಟನ್ನು ಎತ್ತಿ ಇಳಿಸುವ ಚಕ್ರ ಅವಳ ಸುಪರ್ದಿಯಲ್ಲಿತ್ತು. ಹೆಸರು ಅಂಟಿಕೊಂಡದ್ದು ಹಾಗೆ. ಗಂಡ ತೀರಿಕೊಂಡ ಮೇಲೆ ಅವನ ಕೆಲಸ ಇವಳಿಗೆ ಬಂದಿತ್ತು. ಆ ಸಂಬಳ ಬಿಟ್ಟರೆ ಬೇರೆ ಗತಿಯಿಲ್ಲ. ಗೇಟಿನ ಮೇಲಿನ ಹಳ್ಳಿ ಅವಳ ತವರು. ಮಗಳನ್ನು ಕೊಟ್ಟದ್ದು ಕೆಳಗಿನ ಹಳ್ಳಿಗೆ. ಗೇಟು ತೆಗೆದರೆ ಮೇಲಿನವರ ಪೈರು ಉಳಿಯುತ್ತದೆ, ಕೆಳಗಿನವರ ಅಂಗಳಕ್ಕೆ ನೀರು ನುಗ್ಗುತ್ತದೆ. ನೀರು ಗೇಟಿನ ಪಕ್ಕದ ಅಳತೆಕಂಬದ ಕೆಂಪು ಗೆರೆ ಮುಟ್ಟಿದರೆ ತೆಗೆಯಲೇಬೇಕು, ಅದು ಕಚೇರಿಯ ನಿಯಮ. ಅಣ್ಣ ಸಿಡುಕಿದರೂ ಬೀಗರು ಮುನಿದರೂ ಅವಳು ಗೆರೆಯತ್ತ ಬೆರಳು ತೋರಿಸುತ್ತಿದ್ದಳು.

ಆ ಮಳೆಗಾಲ ಮಗಳು, ಅತ್ತೆಯ ಗೊಣಗಾಟದಿಂದ ದೂರವಿರಲೆಂದು, ಅಂಗಳದ ಮೂಲೆಯಲ್ಲಿ ಒಂದು ಕೋಣೆ ಎಬ್ಬಿಸುತ್ತಿದ್ದಳು. ನೀರು ಗೆರೆ ಮುಟ್ಟಿದ ಬೆಳಿಗ್ಗೆ ಓಡಿಬಂದಳು.

"ಅಮ್ಮಾ, ಗೋಡೆ ಇನ್ನೂ ಹಸಿ. ನಾಳೆವರೆಗೆ ತಡಿ, ಸುತ್ತ ಒಡ್ಡು ಹಾಕ್ಕೊಳ್ತೀವಿ."

"ನಿನ್ನ ಸೋದರಮಾವನ ಹೊಲದ ಗತಿ?"

"ಮಾವ ಬಂದು ನನ್ನತ್ತೆ ಜೊತೆ ಬಾಳ್ತಾರಾ?"

ಮಗಳ ಕೂದಲಲ್ಲಿ ಮಣ್ಣು ಒಣಗಿ ಅಂಟಿತ್ತು. ಗೋಡೆಯನ್ನು ಅವಳೇ ಮೆತ್ತುತ್ತಿದ್ದಾಳೆಂದು ತಾಯಿಗೆ ಆಗ ಗೊತ್ತಾಯಿತು. ಚಕ್ರ ಕಚ್ಚಿಕೊಂಡಿದೆ, ತಿರುಗುತ್ತಿಲ್ಲ ಎಂದು ಅಣ್ಣನಿಗೂ ಕಚೇರಿಗೂ ಹೇಳಿಕಳಿಸಿದಳು.

ಮರುದಿನ ಎಣ್ಣೆ ಡಬ್ಬಿ ಹಿಡಿದು ರಿಪೇರಿಗೆ ಹೋದವನು ನಾನು. ಸೋಡಾ ಬಾಟಲಿಯ ಮುಚ್ಚಳ ತೆಗೆಯಲೂ ಪಕ್ಕದವರ ಮುಖ ನೋಡುವ ಆಸಾಮಿ. ಎಣ್ಣೆ ಬಿಡುವ ಮೊದಲೇ ಚಕ್ರಕ್ಕೆ ಕೈ ಹಾಕಿದೆ. ಅದು ಸಲೀಸಾಗಿ ತಿರುಗಿತು, ಜೊತೆಗೆ ನಾನೂ ತಿರುಗಿ ಕೆಸರಲ್ಲಿ ಕೂತೆ. ಮೇಲಿನ ಹಳ್ಳಿಯವರು ದಂಡೆಯ ಮೇಲೆ ಸಾಲಾಗಿ ನಿಂತಿದ್ದರು. ಯಾರೂ ನಗಲಿಲ್ಲ. ಅವರ ಸಸಿಗಳು ನೀರಿನಡಿ ಕೊಳೆಯತೊಡಗಿದ್ದವು. ನನ್ನ ತೋಳ್ಬಲಕ್ಕೇ ಚಕ್ರ ಸಡಿಲವಾಯಿತೆಂದು ನಂಬಲು ಅಲ್ಲಿ ಒಬ್ಬರೂ ತಯಾರಿರಲಿಲ್ಲ.

ಚಕ್ರದಕ್ಕ ಅಣ್ಣನ ಕಾಲು ನೋಡಿದಳು. ಮೊಣಕಾಲವರೆಗೂ ಕೆಸರು. ಅವನು ದನಿ ಏರಿಸದೆ ಕೇಳಿದ: "ಮಗಳ ಗೋಡೆಗೋಸ್ಕರ ನಮ್ಮ ಹೊಲ ಮುಳುಗಿಸಿದ್ಯಾ?"

"ಹೂಂ, ಮುಳುಗಿಸಿದೆ. ಮತ್ತೆ ಅವಳು ಬಂದು ನಿಂತ್ರೆ ಮತ್ತೂ ಮುಳುಗಿಸ್ತೀನಿ. ಈ ಚಕ್ರ ಮಕ್ಕಳಿಲ್ಲದೋರ ಕೈಗೆ ಕೊಡಿ."