ವಿಶಾಲಾಕ್ಷಿ ಮೇಡಂ ಕೊಡುಬಳೆ

ವಿಶಾಲಾಕ್ಷಿ ಮೇಡಂ ಅವರ ಬಲಗೆನ್ನೆ ಸದಾ ಉಬ್ಬಿರುತ್ತಿತ್ತು. ಪಾಪ, ಹಲ್ಲುನೋವೇನೋ ಎಂದು ಹೊಸಬರು ಮರುಗುತ್ತಿದ್ದರು. ಒಳಗಿರುತ್ತಿದ್ದುದು ಕೊಡುಬಳೆ. ಎದುರಿಗಿದ್ದವರನ್ನು ಒಂದು ಪ್ರಶ್ನೆ ಕೇಳುವುದು, ಕೂಡಲೇ ಸ್ಟೀಲ್ ಡಬ್ಬಿ ತೆಗೆದು ಒಂದು ತುಂಡು ಕೊಡುಬಳೆ ಬಾಯಿಗೆ ಹಾಕಿಕೊಳ್ಳುವುದು, ಇದು ಅವರ ಪದ್ಧತಿ. ಅದನ್ನು ಅಗಿದು ಮುಗಿಸುವುದರೊಳಗೆ ಎದುರಿನವರು ಅತ್ತೆಯ ಕಾಟದಿಂದ ಹಿಡಿದು ಆಫೀಸಿನ ರಗಳೆಯವರೆಗೆ ಎಲ್ಲ ಒಪ್ಪಿಸಿಬಿಟ್ಟಿರುತ್ತಿದ್ದರು.

ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು ಅವರು. "ಅಷ್ಟೊಂದು ಸೈಕಾಲಜಿ ಓದಿ ನಾನು ಕಂಡ್ಕೊಂಡಿದ್ದು ಇಷ್ಟೇ ಕಣೆ ಮಂಜು. ಬಾಯಿ ಖಾಲಿ ಇದ್ರೆ ಲೀಡರ್ ಆದೋರು ಮಾತಾಡ್ತಾನೇ ಇರ್ತಾರೆ. ಅದಕ್ಕೇ ಅದನ್ನ ತುಂಬಿಸಿ ಇಟ್ಕೋಬೇಕು" ಎನ್ನುತ್ತಿದ್ದರು.

ಮಂಜು ಎಂದರೆ ನಾನು, ನಮ್ಮ ಬಡಾವಣೆಯ ಹೆಂಗಸರ ತ್ರೋಬಾಲ್ ತಂಡದ ಕ್ಯಾಪ್ಟನ್. ನಮ್ಮದು ಬೆಂಗಳೂರು ಯಡಿಯೂರಿನ ಹಳೇ ಒಕ್ಕಲು ಮನೆತನ. ಹೊಲ ಹೋಯಿತು, ಆ ಜಾಗದಲ್ಲಿ ಬಾಡಿಗೆ ಮನೆಗಳು ಬಂದವು. ಆದರೆ ಈ ಬದುವಿನಿಂದ ಆ ಬದುವಿಗೆ ಕೂಗುವ ಗಂಟಲು ಮಾತ್ರ ನಮ್ಮಲ್ಲೇ ಉಳಿದುಕೊಂಡಿದೆ. ಬೆಳಿಗ್ಗೆ ನಾನು ಮೈದಾನಕ್ಕಿಳಿದರೆ ಸುತ್ತಲ ಮನೆಗಳಲ್ಲಿ ಯಾರಿಗೂ ಅಲಾರಂ ಬೇಕಿರಲಿಲ್ಲ. ಮೇಡಂ ಮನೆ ಮೈದಾನದ ಎದುರಿಗೇ ಇತ್ತು. ಅವರು ಕಿಟಕಿ ತೆಗೆದು ಕಾಫಿ ಕುಡಿಯುತ್ತಾ ನಮ್ಮ ಆಟ ನೋಡುತ್ತಿದ್ದರು. ಆಟ ಮುಗಿಯುವ ಹೊತ್ತಿಗೆ ಡಬ್ಬಿ ಹಿಡಿದು ಇಳಿದು ಬರುತ್ತಿದ್ದರು.

ರಾಜ್ಯೋತ್ಸವಕ್ಕೆ ಬಡಾವಣೆಗಳ ನಡುವೆ ಪಂದ್ಯವಿತ್ತು. ಅದಕ್ಕೆ ಸ್ವಲ್ಪ ಮುಂಚೆ ನಮ್ಮ ರೇಣುಕಾ ಬರುವುದನ್ನು ನಿಲ್ಲಿಸಿಬಿಟ್ಟಳು. ಧಾರವಾಡದ ಕಡೆಯ ಹುಡುಗಿ, ನಮ್ಮ ಬಡಾವಣೆಯಲ್ಲೇ ಬಾಡಿಗೆಗಿದ್ದು ಜಯನಗರದ ಕ್ಲಿನಿಕ್ಕೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಒಂದೇ ಬೆಳಿಗ್ಗೆ ಮೇಲಿಂದ ಮೇಲೆ ಚೆಂಡು ಕೈಬಿಟ್ಟಳು. ನಾನು ಎಲ್ಲರೆದುರು ಅವಳ ಗ್ರಹಚಾರ ಬಿಡಿಸಿದೆ. ಅವಳಿಲ್ಲದಿದ್ದರೆ ಏಳು ಜನ ಕೂಡುವುದಿಲ್ಲ. ಏಳು ಜನ ಕೂಡದಿದ್ದರೆ ತಂಡವೇ ಇಲ್ಲ. ನನಗೋ ಆ ತಂಡವೆಂದರೆ ಪ್ರಾಣ.

ಅವಳನ್ನು ಯಾಕೆ ಬೈದೆ ಎಂದು ಮೇಡಂ ಕೇಳಿದ್ದಕ್ಕೆ, "ಚೆಂಡು ಬಿಟ್ರೆ ಬೈಯದೆ ಮುದ್ದು ಮಾಡ್ಲಾ ಮೇಡಂ?" ಎಂದು ರೇಗಿದೆ.

"ಬೈಸ್ಕೊಂಡ ಮನಸ್ಸು ಚೆಂಡು ನೋಡಲ್ಲ ಕಣೆ, ಬೈದೋರ ಮುಖ ನೋಡುತ್ತೆ" ಎಂದರು ಮೇಡಂ. "ಹೋಗು, ಏನಾಯ್ತು ಅಂತ ಕೇಳು. ಕೇಳಿ ಬಾಯಿಗೆ ಏನಾದ್ರೂ ಹಾಕ್ಕೋ."

ಹೋದೆ. ದಾರಿಯಲ್ಲಿ ಬೇಕರಿ ಸಿಕ್ಕಿತು. ಖಾರದ ಬಿಸ್ಕತ್ತು ಕೊಂಡೆ. ಕ್ಲಿನಿಕ್ಕಿನ ಹೊರಗೆ ರೇಣುಕಾಳನ್ನು ಕೇಳಿ ಬಿಸ್ಕತ್ತು ಬಾಯಿಗಿಟ್ಟೆ. ಅವಳು ಇನ್ನೂ ಸೆರಗಿನ ತುದಿ ತಿರುಗಿಸುತ್ತಾ ಯೋಚಿಸುತ್ತಿದ್ದಳು, ಅಷ್ಟರಲ್ಲಿ ಹಾಳಾದ್ದು ಬಾಯಲ್ಲಿ ಕರಗಿಯೇ ಹೋಯಿತು! ಖಾಲಿ ಬಾಯಿ ಸುಮ್ಮನಿರುತ್ತದೆಯೇ? ಶಿಸ್ತು, ತಂಡ, ಬಡಾವಣೆಯ ಮರ್ಯಾದೆ ಎಂದು ದೊಡ್ಡ ಭಾಷಣವನ್ನೇ ಬಿಗಿದೆ. ಅವಳು "ಆತ್ರೀ ಅಕ್ಕಾರ" ಎಂದು ಒಳಗೆ ಹೋದಳು.

ಕಥೆ ಕೇಳಿ ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಬಿಸ್ಕತ್ತು ಅವಸರದೋರಿಗೆ ಕಣೆ! ಗಟ್ಟಿ ಕೊಡುಬಳೆನೇ ಆಗ್ಬೇಕು" ಎಂದು ತಮ್ಮ ಡಬ್ಬಿಯನ್ನೇ ಕೈಗಿಟ್ಟರು.

ಮರುದಿನ ಮತ್ತೆ ಕೇಳಿದೆ, ಕೊಡುಬಳೆ ಬಾಯಿಗಿಟ್ಟೆ. ಕಟಕಟ ಸದ್ದಿಗೆ ರೇಣುಕಾ ಕಿಸಕ್ಕನೆ ನಕ್ಕಳು. ಆಮೇಲೆ ನಿಧಾನವಾಗಿ ಹೇಳಿದಳು: "ಅಕ್ಕಾರ, ನೀವು ನನ್ನ ನಿಲ್ಲಿಸಿದ ಜಾಗದಾಗ ಬಿಸಿಲು ಸೀದಾ ಕಣ್ಣಿಗೆ ಹೊಡಿತೈತ್ರಿ. ಚೆಂಡ ಕಾಣಂಗಿಲ್ಲ. ಹೇಳೂಣಂದ್ರ ನೀವು ಉಸಿರು ತಗೊಳ್ಳಾಕೂ ಬಾಯಿ ಮುಚ್ಚಂಗಿಲ್ಲ."

ಅಯ್ಯೋ ಶಿವನೇ! ನಾನು ನಿಲ್ಲುತ್ತಿದ್ದ ಕಡೆ ದೊಡ್ಡ ಮಳೆಮರದ ನೆರಳು. ಬಿಸಿಲಿನ ವಿಷಯ ನನಗೆ ಹೊಳೆಯುವುದಾದರೂ ಹೇಗೆ? "ಹಾಗಾದ್ರೆ ಯಾರು ಎಲ್ಲಿ ನಿಲ್ಬೇಕು, ನೀನೇ ಹೇಳು" ಎಂದೆ. ಅವಳು ಮರುದಿನವೇ ಬಂದು ನನ್ನನ್ನೇ ಬಿಸಿಲಿಗೆ ನಿಲ್ಲಿಸಿದಳು. ಕಿಟಕಿಯಿಂದ ಮೇಡಂ ಚಪ್ಪಾಳೆ ತಟ್ಟಿದರು. ಪಂದ್ಯದಲ್ಲಿ ಕಪ್ಪೇನೂ ಬರಲಿಲ್ಲ, ಎರಡನೇ ಸ್ಥಾನ ಬಂತು. ಆದರೆ ಏಳೂ ಜನ ಒಟ್ಟಿಗೆ ಹೋಟೆಲಿಗೆ ನುಗ್ಗಿ ಮಸಾಲೆದೋಸೆ ತಿಂದೆವು. ನಾನು ಮೈದಾನದಲ್ಲಿ ಕೂಗುವುದನ್ನು ಬಿಟ್ಟೆ.

ಹೋದ ಬೇಸಿಗೆಯಲ್ಲಿ ಮೇಡಂ ಮೈಸೂರಿಗೆ, ತಂಗಿಯ ಮನೆಗೆ ಹೊರಟರು. ಮಂಡಿ ಮಾತು ಕೇಳುತ್ತಿರಲಿಲ್ಲ. ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟವಾಗಿತ್ತು. ಬೀಳ್ಕೊಡಲು ಬಂದವರಿಗೆಲ್ಲ "ಸಖತ್ ಊರು, ಶಾಂತ ಊರು" ಎಂದು ನಗುತ್ತಲೇ ಇದ್ದರು. ಎಲ್ಲರೂ ಹೋದ ಮೇಲೆ ನಾನು ಅವರ ಪಕ್ಕದಲ್ಲಿ ಕುಳಿತೆ.

"ಮೇಡಂ, ನಿಮಗೆ ಹೋಗೋಕೆ ಇಷ್ಟ ಇದ್ಯಾ?" ಎಂದು ಕೇಳಿ, ಅವರದೇ ಡಬ್ಬಿಯಿಂದ ಕೊಡುಬಳೆ ತೆಗೆದು ಬಾಯಿಗೆ ಹಾಕಿಕೊಂಡೆ.

"ಎಲಾ ಇವಳಾ! ನನ್ನ ಮದ್ದು ನನಗೇನಾ?" ಎಂದು ನಕ್ಕರು. ನಾನು ಅಗಿಯುತ್ತಲೇ ಇದ್ದೆ. ಅವರ ನಗು ನಿಧಾನವಾಗಿ ನಿಂತಿತು.

"ಇಲ್ಲ ಕಣೆ ಮಂಜು. ಯಾರೂ ನನ್ನ ಕೇಳೇ ಇರ್ಲಿಲ್ಲ. ಅಲ್ಲಿ ಮನೆ ಸುತ್ತ ಬರೀ ನಿಶ್ಶಬ್ದ. ಬೆಳಿಗ್ಗೆ ಎದ್ದಾಗ ನೀವ್ಯಾರೂ ಇರಲ್ವಲ್ಲ ಅಂದ್ರೆ ಭಯ ಆಗುತ್ತೆ."

ಏನಾದರೂ ಸಮಾಧಾನ ಹೇಳೋಣವೆಂದರೆ ಬಾಯಿ ತುಂಬ ಕೊಡುಬಳೆ. ಸುಮ್ಮನೆ ಅವರ ಕೈ ಹಿಡಿದುಕೊಂಡೆ.

ಈಗ ಭಾನುವಾರ ಆಟ ಶುರುವಾಗುವ ಮುಂಚೆ ರೇಣುಕಾ ಮೇಡಂಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಅದನ್ನು ಮೈದಾನದ ಕಟ್ಟೆಯ ಮೇಲಿಡುತ್ತಾಳೆ. ಮೊದಲ ಭಾನುವಾರ ನಾವು ಶಿಸ್ತಾಗಿ ಆಡುತ್ತಿದ್ದೆವು. ಫೋನಿನಿಂದ ಕೊಡುಬಳೆ ಕಡಿಯುವ ಸದ್ದು ಕೇಳುತ್ತಿತ್ತು. ಆಮೇಲೆ ಸಿಡಿಮಿಡಿಯ ದನಿ ಬಂತು:

"ಏನೇ ಇದು, ಇಲ್ಲೂ ನಿಶ್ಶಬ್ದ, ಅಲ್ಲೂ ನಿಶ್ಶಬ್ದ! ಮಂಜು, ಒಂದ್ಸಲ ಕೂಗೇ."

ರೇಣುಕಾಳ ಮುಖ ನೋಡಿದೆ. "ಒದರ‍್ರಿ ಅಕ್ಕಾರ" ಎಂದಳು. ನಮ್ಮಜ್ಜಿ ಬದುವಿನ ಮೇಲೆ ನಿಂತು ಕೂಗುತ್ತಿದ್ದ ಹಾಗೆ "ಹಿಡ್ಕೊಳೇ ರೇಣುಕಾ!" ಎಂದು ಮೈಸೂರಿಗೆ ಕೇಳುವಂತೆ ಕೂಗಿದೆ. ಮರದ ಕಾಗೆಗಳೆಲ್ಲ ಎದ್ದು ಹಾರಿದವು. ಚೆಂಡು ರೇಣುಕಾಳ ಕೈ ಜಾರಲಿಲ್ಲ.